ಸಿಟ್ಟಿನ ಹಿಂದೆ ಮರೆತುಹೋದ ಒಂದು ಮಾತು

ಸುಳ್ಳು ಹೇಳಬಾರದು. ಸಿಟ್ಟು ಮಾಡಬಾರದು. ಹೊಟ್ಟೆಕಿಚ್ಚು ಪಡಬಾರದು. ಎಷ್ಟೋ ವರ್ಷ ನನ್ನ ಕ್ರೈಸ್ತ ಜೀವನ ಅಂದರೆ ಈ 'ಬಾರದು'ಗಳೇ ಆಗಿದ್ದವು. ಬೆಳಗ್ಗೆ ಪ್ರಾರ್ಥನೆಯಲ್ಲಿ ತೀರ್ಮಾನ ಮಾಡುತ್ತಿದ್ದೆ, ಸಂಜೆಯೊಳಗೆ ಮುರಿಯುತ್ತಿದ್ದೆ, ರಾತ್ರಿ ಕ್ಷಮೆ ಕೇಳಿ ಮಲಗುತ್ತಿದ್ದೆ.

ಇದು ಬದಲಾಗತೊಡಗಿದ್ದು ಬೈಬಲಿನಲ್ಲಿ ಪೇತ್ರನ ಎರಡನೆಯ ಪತ್ರ ಓದುವಾಗ. ನಂಬಿಕೆಗೆ ಸದ್ಗುಣ, ಜ್ಞಾನ, ದಮೆ, ತಾಳ್ಮೆ, ಭಕ್ತಿ, ಸಹೋದರಸ್ನೇಹ, ಪ್ರೀತಿ ಇವನ್ನೆಲ್ಲ ಕೂಡಿಸಿಕೊಳ್ಳಿ ಅಂತ ಮೊದಲ ಅಧ್ಯಾಯದಲ್ಲಿ ಹೇಳುತ್ತಾನಲ್ಲ, ಆ ಪಟ್ಟಿ ನನಗೆ ಬಾಯಿಪಾಠ. ಆದರೆ ಅದಕ್ಕೂ ಮುಂಚಿನ 4ನೆಯ ವಚನವನ್ನು ಸುಮ್ನೆ ದಾಟಿಹೋಗುತ್ತಿದ್ದೆ. ದೇವರು ನಮಗೆ ಅಮೂಲ್ಯವಾದ ವಾಗ್ದಾನಗಳನ್ನು ಕೊಟ್ಟಿದ್ದಾನೆ, ಅವುಗಳ ಮೂಲಕ ನಾವು ಆತನ ಸ್ವಭಾವದಲ್ಲಿ ಪಾಲುಗಾರರಾಗುತ್ತೇವೆ ಅಂತ ಅಲ್ಲಿದೆ. ಈ ಕಾರಣದಿಂದಲೇ ಪಟ್ಟಿ ಶುರುವಾಗುತ್ತದೆ. ನಾನು ಕಾರಣ ಬಿಟ್ಟು ಪಟ್ಟಿ ಮಾತ್ರ ಹಿಡಿದುಕೊಂಡಿದ್ದೆ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎಡಗಡೆ ಪುಟದಲ್ಲಿ ಆ ದಿನ ಎಡವಿದ್ದನ್ನು ಬರೆಯುವುದು. ಬಲಗಡೆ, ಆ ಹೊತ್ತಿನಲ್ಲಿ ದೇವರ ಯಾವ ಮಾತನ್ನು ನಾನು ನಂಬಿರಲಿಲ್ಲ ಅನ್ನುವುದನ್ನು ಬರೆಯುವುದು. ಎಡಗಡೆ ಬೇಗ ತುಂಬುತ್ತಿತ್ತು. ಬಲಗಡೆಗೆ ಕೆಲವೊಮ್ಮೆ ವಾರವೇ ಬೇಕಾಗುತ್ತಿತ್ತು.

ಮೊದಲು ಬರೆದದ್ದು ಒಂದು ಸುಳ್ಳಿನ ಬಗ್ಗೆ. ಕೆಲಸದಲ್ಲಿ ಒಂದು ಲೆಕ್ಕ ತಪ್ಪಿಸಿದ್ದೆ. ಮೇಲಿನವರು ಕೇಳಿದಾಗ, ನನಗೆ ಬಂದ ಮಾಹಿತಿಯೇ ಹಾಗಿತ್ತು ಅಂದುಬಿಟ್ಟೆ. ರಾತ್ರಿ ಬಲಗಡೆ 'ಸುಳ್ಳು ಪಾಪ' ಅಂತ ಬರೆದೆ. ಆದರೆ ಅದು ವಾಗ್ದಾನ ಅಲ್ಲವಲ್ಲ. ಯಾಕೆ ಸುಳ್ಳು ಹೇಳಿದೆ ಅಂತ ಕೆದಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ಭಯ. ಕೆಲಸ ಹೋದರೆ ನನ್ನನ್ನು ನೋಡಿಕೊಳ್ಳುವವರು ಯಾರು? ಆಗ ಇಬ್ರಿಯರಿಗೆ 13:5 ನೆನಪಾಯಿತು. ಹಣದಾಸೆ ಬೇಡ, ಇರುವುದರಲ್ಲಿ ತೃಪ್ತರಾಗಿರಿ ಅನ್ನುವ ಆಜ್ಞೆಯ ಬೆನ್ನಿಗೇ ಅಲ್ಲೊಂದು ಆಧಾರ ಇದೆ: ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಅಂತ ದೇವರೇ ಹೇಳಿದ್ದಾನೆ. ಮಾರನೇ ದಿನ ಹೋಗಿ ನಿಜ ಹೇಳಿದೆ. ಕೈ ನಡುಗುತ್ತಿತ್ತು. ಬೈಗುಳ ಬಿತ್ತು, ಮುಂದಿನ ಜವಾಬ್ದಾರಿಯೂ ಕೈತಪ್ಪಿತು. ಬೈಗುಳ ಬೀಳುವುದಿಲ್ಲ ಅಂತ ದೇವರು ಮಾತು ಕೊಟ್ಟಿರಲಿಲ್ಲ. ಕೈಬಿಡುವುದಿಲ್ಲ ಅಂದಿದ್ದ, ಬಿಡಲಿಲ್ಲ.

ಆ ದಿನಗಳಲ್ಲೇ ಅಬ್ರಹಾಮನ ಕಥೆಯನ್ನು ಮತ್ತೆ ಓದಿದೆ. ಆದಿಕಾಂಡ 12ರಲ್ಲಿ ಐಗುಪ್ತಕ್ಕೆ ಹೋದಾಗ ಪ್ರಾಣಭಯದಿಂದ ಹೆಂಡತಿಯನ್ನು ತಂಗಿ ಅನ್ನಿಸುತ್ತಾನೆ. 13ರಲ್ಲಿ ಅದೇ ಮನುಷ್ಯ ತಮ್ಮನ ಮಗ ಲೋಟನಿಗೆ, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುತ್ತೇನೆ, ಬೇಕಾದ ಜಾಗ ನೀನೇ ಆರಿಸಿಕೋ ಅನ್ನುತ್ತಾನೆ. ಹಿರಿಯನಾಗಿ ತಾನೇ ಮೊದಲು ಆರಿಸಿಕೊಳ್ಳಬಹುದಿತ್ತು. ಒಬ್ಬನೇ ಮನುಷ್ಯ ಒಮ್ಮೆ ಹೆದರಿ ಸುಳ್ಳಾಡುತ್ತಾನೆ, ಇನ್ನೊಮ್ಮೆ ಕೈಬಿಚ್ಚಿ ಕೊಡುತ್ತಾನೆ. ನನಗೆ ಅನ್ನಿಸುವುದು ಇಷ್ಟು: ಈ ದೇಶವನ್ನು ನಿನ್ನ ಸಂತಾನಕ್ಕೆ ಕೊಡುತ್ತೇನೆ ಅನ್ನುವ ದೇವರ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದ್ದಾಗ ಹುಲ್ಲುಗಾವಲಿಗಾಗಿ ಜಗಳವಾಡಬೇಕು ಅನ್ನಿಸಲಿಲ್ಲ. ಆದರೂ 20ನೆಯ ಅಧ್ಯಾಯದಲ್ಲಿ ಅದೇ ಸುಳ್ಳು ಮತ್ತೆ ಬರುತ್ತದೆ! ಅವನು 75ನೇ ವಯಸ್ಸಿನಲ್ಲಿ ಖಾರಾನ್ ಅನ್ನುವ ಊರಿನಿಂದ ಹೊರಟ, ಮಗ ಇಸಾಕ ಹುಟ್ಟಿದಾಗ 100 ವರ್ಷ. ನಡುವಿನ 25 ವರ್ಷ ದೇವರು ಅವನನ್ನು ಬಿಡಲಿಲ್ಲ. ಇದು ನನಗೆ ತುಂಬಾ ಧೈರ್ಯ ಕೊಟ್ಟಿದೆ.

ಸಿಟ್ಟಿನ ವಿಷಯ ಇನ್ನೂ ಕಷ್ಟದ್ದು. ನಾನು ತಿಂಗಳುಗಟ್ಟಲೆ ಮಾಡಿದ ಕೆಲಸವನ್ನು ಜೊತೆಯವರೊಬ್ಬರು ತಮ್ಮ ಹೆಸರಿನಲ್ಲಿ ತೋರಿಸಿದರು. ಆ ರಾತ್ರಿ ಎಲ್ಲರಿಗೂ ಹೋಗುವ ಹಾಗೆ ಒಂದು ಖಾರವಾದ ಮೇಲ್ ಬರೆದಿಟ್ಟೆ. ಆಮೇಲೆ ನೋಟ್‌ಬುಕ್ ತೆರೆದೆ. ರೋಮಾಪುರದವರಿಗೆ 12:19ನ್ನು ಅಲ್ಲಿಯವರೆಗೆ 'ಸೇಡು ತೀರಿಸಬೇಡ' ಅಂತ ಮಾತ್ರ ಓದಿದ್ದೆ. ಮುಯ್ಯಿ ತೀರಿಸುವುದು ನನ್ನ ಕೆಲಸ ಅಂತ ಕರ್ತನು ಹೇಳುವುದೂ ಅಲ್ಲಿದೆ, ಅಲ್ವಾ? ಅದೂ ಒಂದು ವಾಗ್ದಾನವೇ. ನ್ಯಾಯ ನೋಡಿಕೊಳ್ಳುವವನು ಯಾರೂ ಇಲ್ಲ ಅಂದರೆ ನಾನೇ ನೋಡಿಕೊಳ್ಳಬೇಕಾಗುತ್ತದೆ. ಒಬ್ಬನಿದ್ದಾನೆ ಅಂದರೆ ನನ್ನ ಭಾರ ಇಳಿಯುತ್ತದೆ. ಮೇಲ್ ಅಳಿಸಿದೆ. ಎರಡು ದಿನ ಬಿಟ್ಟು ಅವರ ಹತ್ತಿರವೇ ಹೋಗಿ, ಇದು ನನ್ನ ಕೆಲಸ, ನನಗೆ ನೋವಾಯಿತು ಅಂತ ನೇರವಾಗಿ ಹೇಳಿದೆ. ಕ್ಷಮಿಸುವುದು ಅಂದರೆ ಸತ್ಯವನ್ನು ನುಂಗುವುದಲ್ಲ. ಅವರೇನೂ ಒಪ್ಪಿಕೊಳ್ಳಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬಂತು.

ಒಂದು ತಪ್ಪು ದಾರಿಯನ್ನೂ ಹೇಳಬೇಕು. ಶುರುವಿನಲ್ಲಿ ಇಷ್ಟವಾದ ವಚನವನ್ನೆಲ್ಲ ನನಗೇ ಅಂತ ಕಿತ್ತುಕೊಳ್ಳುತ್ತಿದ್ದೆ. ನಿಮಗೆ ಒಳ್ಳೆಯ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಅನ್ನುವ ಯೆರೆಮೀಯ 29:11 ಹಿಡಿದುಕೊಂಡು, ಬಯಸಿದ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಕಾದೆ. ಸಿಗಲಿಲ್ಲ. ಆ ಮಾತು ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಹೇಳಿದ್ದು. 10ನೆಯ ವಚನದಲ್ಲೇ 70 ವರ್ಷ ಕಾಯಬೇಕು ಅಂತಿದೆ. ಈಗ ಹಿಂದೆಮುಂದೆ ಓದದೆ ಯಾವ ವಚನವನ್ನೂ ಬಲಗಡೆ ಪುಟಕ್ಕೆ ಏರಿಸುವುದಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಅನ್ನುವ ರೋಮಾಪುರದವರಿಗೆ 8:28ರ 'ಒಳ್ಳೆಯದು' ಏನು ಅಂತ 29ನೆಯ ವಚನ ಹೇಳುತ್ತದೆ: ನಾವು ಆತನ ಮಗನ ಹಾಗೆ ಆಗುವುದು.

ಈ ವಾರ ಎಡಗಡೆ ಪುಟದಲ್ಲಿರುವುದು ಹೊಟ್ಟೆಕಿಚ್ಚು. ಹತ್ತಿರದ ಗೆಳೆಯನೊಬ್ಬನ ಪ್ರಾರ್ಥನೆಗೆ ಉತ್ತರ ಬಂದಿದೆ, ನನ್ನದಕ್ಕೆ ಇನ್ನೂ ಇಲ್ಲ. ಬಲಗಡೆ ಕೀರ್ತನೆ 84:11 ಅಂತ ನಿನ್ನೆ ಬರೆದೆ: ಸರಿಯಾಗಿ ನಡೆಯುವವರಿಗೆ ದೇವರು ಯಾವ ಒಳ್ಳೆಯದನ್ನೂ ತಡೆಹಿಡಿಯುವುದಿಲ್ಲ. ಇವತ್ತು ಅವನಿಗೆ ಫೋನ್ ಮಾಡಬೇಕು.