ಎಣಿಸಿ ಹಾಕಿದ 36 ಬಾಲ್

ಸಂಜೆ ದಾವಣಗೆರೆ ಹೈಸ್ಕೂಲ್ ಮೈದಾನಕ್ಕೆ ಬಂದು ನೂರು ಬಾಲ್ ಎಸೆದು ಬೆವರೊರೆಸಿಕೊಂಡು ಹೋದರೆ ತೋಳಿಗೆ ಸುಸ್ತಷ್ಟೇ. ಅದರಲ್ಲಿ ಎಷ್ಟು ಸರಿಯಾದ ಜಾಗಕ್ಕೆ ಬಿದ್ದವು ಅಂತ ಕೇಳಿದರೆ ಉತ್ತರ ಇರಬೇಕು. ಇದೇ ಊರಿನ ಬೌಲರ್ ಆರ್. ವಿನಯ್ ಕುಮಾರ್ ಬೆಂಕಿಯಂಥ ವೇಗದವರೇನಾಗಿರಲಿಲ್ಲ. 2013-14, 2014-15ರಲ್ಲಿ ಕರ್ನಾಟಕ ಸತತ ಎರಡು ಸಲ ರಣಜಿ ಗೆದ್ದಾಗ ನಾಯಕರಾಗಿದ್ದ ಅವರ ಬಂಡವಾಳ ಲೈನ್ (ಬಾಲ್ ಸಾಗುವ ನೇರ), ಲೆಂಗ್ತ್ (ಬಾಲ್ ನೆಲಕ್ಕೆ ಬೀಳುವ ದೂರ) ಮತ್ತು ಸ್ವಿಂಗ್ (ಗಾಳಿಯಲ್ಲಿ ಬಾಲ್ ತಿರುಗುವುದು) ಆಗಿತ್ತು.

ಮೊದಲು ಗುರಿ ಗುರುತು ಮಾಡಿ. ಬ್ಯಾಟಿಂಗ್ ತುದಿಯ ಸ್ಟಂಪ್‌ನಿಂದ 5 ಮೀಟರ್ ಅಳೆದು, ಅಲ್ಲಿಂದ ಬೌಲರ್ ಕಡೆಗೆ 2 ಮೀಟರ್ ಉದ್ದದ ಪಟ್ಟಿಯನ್ನು ಸುಣ್ಣದಲ್ಲಿ ಎಳೆಯಿರಿ. ಅಗಲ ಒಂದಡಿ: ಆಫ್ ಸ್ಟಂಪ್‌ನಿಂದ ಒಳಗೆ 4 ಇಂಚು, ಹೊರಗೆ 8 ಇಂಚು. 14-16 ವಯಸ್ಸಿನ ಮೀಡಿಯಂ ಪೇಸರ್‌ಗೆ ಈ ಅಳತೆ ಸರಿಹೋಗುತ್ತದೆ, ಚಿಕ್ಕವರಿಗೆ ಒಂದು ಮೀಟರ್ ಸ್ಟಂಪ್ ಹತ್ತಿರಕ್ಕೆ ತನ್ನಿ. ಇಟ್ಟಿಗೆ, ಚಪ್ಪಲಿ ಇಡಬೇಡಿ, ತಗುಲಿದ ಬಾಲ್ ಎತ್ತಲೋ ಚಿಮ್ಮುತ್ತದೆ.

ಮ್ಯಾಟ್ ಹಾಸಿದ್ದರೆ ನಾಲ್ಕೂ ಕಡೆ ಎಳೆದು ಮೊಳೆ ಹೊಡೆಯಿರಿ. ಸಡಿಲ ಮ್ಯಾಟ್ ಮಡಿಕೆ ಬಿದ್ದರೆ ಬಾಲ್ ಒಮ್ಮೆ ತೆವಳುತ್ತದೆ, ಒಮ್ಮೆ ಏಳುತ್ತದೆ. ಕೆಳಗೆ ಬಿರುಕುಬಿಟ್ಟ ಎರೆಮಣ್ಣು ಇದ್ದರಂತೂ ಕೇಳುವುದೇ ಬೇಡ. ಅದಕ್ಕೇ ಬಾಲ್ ಎದ್ದ ರೀತಿ ನೋಡಿ ಅಂಕ ಕೊಡಬೇಡಿ, ಬಿದ್ದ ಜಾಗ ನೋಡಿ ಕೊಡಿ.

ಹತ್ತು ನಿಮಿಷ ಓಟ, ಭುಜ-ಸೊಂಟದ ಸಡಿಲಿಕೆ ಮುಗಿಸಿ ಶುರುಮಾಡಿ. ಬೆಣ್ಣೆದೋಸೆ ಆಮೇಲೆ! ಮೊದಲ ಎರಡು ಓವರ್ ಎಲ್ಲಾ ಬಾಲ್ ಪಟ್ಟಿಯೊಳಗೆ. ಮುಂದಿನ ನಾಲ್ಕು ಓವರ್‌ನಲ್ಲಿ, ನೀವು ರನ್‌ಅಪ್ ಶುರುಮಾಡುವ ಮುನ್ನ ಜೊತೆಗಾರ 'ಗುಡ್ ಲೆಂಗ್ತ್' (ಪಟ್ಟಿಯೊಳಗೆ), 'ಯಾರ್ಕರ್' (ಬ್ಯಾಟರ್‌ನ ಕಾಲಬುಡಕ್ಕೆ), 'ನಿಧಾನದ ಬಾಲ್' ಅಂತ ಕೂಗಲಿ. ಕ್ರಮ ಬದಲಾಗುತ್ತಿರಲಿ. ಒಂದೇ ಬಾಲನ್ನು ಹತ್ತು ಸಲ ಹಾಕುವಾಗ ಕೈ ತಾನಾಗಿ ಹೊಂದಿಕೊಳ್ಳುತ್ತದೆ, ಮ್ಯಾಚ್‌ನಲ್ಲಿ ಆ ಸವಲತ್ತು ಸಿಗುವುದಿಲ್ಲ. ಹೇಳಿದ ಜಾಗಕ್ಕೆ ಬಿದ್ದರೆ 1, ಲೆಗ್ ಸ್ಟಂಪ್ ಹೊರಗೆ ಹೋದರೆ ಒಂದು ಕಳೆಯಿರಿ. 36ಕ್ಕೆ ಎಷ್ಟು ಅಂತ ನೋಟ್‌ಬುಕ್‌ನಲ್ಲಿ ಬರೆದಿಡಿ, ಓವರ್‌ವಾರು.

ತಪ್ಪುಗಳಿಗೂ ಲೆಕ್ಕವಿದೆ. ಫುಲ್‌ಟಾಸ್ (ನೆಲಕ್ಕೆ ತಾಗದೆ ಬ್ಯಾಟ್‌ಗೆ ಬರುವ ಬಾಲ್) ಹೆಚ್ಚಾದರೆ ಬಾಲನ್ನು ಬೇಗ ಬಿಡುತ್ತಿದ್ದೀರಿ, ಶಾರ್ಟ್ ಆದರೆ ತಡವಾಗಿ. ಬಲಗೈ ಬೌಲರ್‌ನ ಬಾಲ್ ಪದೇ ಪದೇ ಲೆಗ್ ಕಡೆ ಜಾರಿದರೆ ಎಡಗೈ ಬೇಗ ಕುಸಿದು, ತಲೆ ಎಡಕ್ಕೆ ವಾಲಿರುತ್ತದೆ. ಜೊತೆಗಾರ ಅಂಪೈರ್ ಜಾಗದಲ್ಲಿ ನಿಂತು ಮೊಬೈಲ್‌ನಲ್ಲಿ ನಿಧಾನ ಚಲನೆಯ ವಿಡಿಯೊ ತೆಗೆದರೆ ಕಣ್ಣಿಗೇ ಕಾಣುತ್ತದೆ. ಒಂದು ದಿನ ಒಂದೇ ತಪ್ಪು ತಿದ್ದಿ, ಎರಡಕ್ಕೆ ಕೈಹಾಕಿದರೆ ರನ್‌ಅಪ್ ಕೂಡ ಕೆಡುತ್ತದೆ.

ಕೊನೆಯ ಓವರ್‌ಗಳಲ್ಲಿ ಅಂಕ ಒಮ್ಮೆಲೆ ಬಿದ್ದರೆ ಅದು ಸುಸ್ತು, ತಂತ್ರದ ತಪ್ಪಲ್ಲ. ಅಲ್ಲಿಗೇ ನಿಲ್ಲಿಸಿ. ಕೆಳಬೆನ್ನಿನ ಒಂದೇ ಬದಿ ನೋಯುತ್ತಿದ್ದರಂತೂ ಬಾಲ್ ಮುಟ್ಟದೆ ಡಾಕ್ಟರಿಗೆ ತೋರಿಸಿ. ಬೆಳೆಯುವ ವಯಸ್ಸಿನ ವೇಗಿಗಳಿಗೆ ಬೆನ್ನುಮೂಳೆಯಲ್ಲಿ ಕೂದಲೆಳೆಯ ಬಿರುಕು ಬರುವುದುಂಟು.