ಒಣಕಸದ ಚೀಲ ಸುರಿದು ನೋಡಿದ ಮೇಲೆ

ಅಡುಗೆಮನೆ ಕಸ ಕಡಿಮೆ ಮಾಡ್ತೀನಿ ಅಂತ ಹೊರಟವರು ಮೊದಲು ಆನ್‌ಲೈನಲ್ಲಿ ಬಿದಿರಿನ ಬ್ರಷ್ಷು, ಗಾಜಿನ ಜಾರುಗಳ ಸೆಟ್ಟು ಹುಡುಕೋದನ್ನ ನೋಡಿದ್ದೀನಿ. ಆ ಸೆಟ್ಟು ಬರೋದೂ ಥರ್ಮೋಕೋಲಿನ ಜೊತೆಗೇ. ನಾನು ಏನನ್ನೂ ಕೊಳ್ಳದೆ, ಒಂದು ಭಾನುವಾರ ವಾರದ ಒಣಕಸದ ಚೀಲವನ್ನ ಬಾಲ್ಕನಿಯಲ್ಲಿ ಸುರಿದುಕೊಂಡು ಕೂತೆ. ಹಾಲು ಮೊಸರಿನ ಪ್ಯಾಕೆಟ್ಟು, ಬೇಳೆ, ರವೆ, ಅವಲಕ್ಕಿ ಕವರು, ಎಣ್ಣೆ ಪ್ಯಾಕೆಟ್ಟು, ಸೊಪ್ಪು ಸುತ್ತಿದ್ದ ಕವರು, ಚಿಪ್ಸಿನ ಹೊಳೆಯೋ ಹಾಳೆ, ಪಾರ್ಸೆಲ್ ಸಾಂಬಾರಿನ ಪೊಟ್ಟಣ. ಅಷ್ಟೂ ಅಂಗಡಿಯಿಂದ ಬಂದದ್ದೇ. ಹಾಗಾಗಿ ಅಂಗಡಿಯಿಂದಲೇ ಶುರು ಮಾಡಿದೆ.

ನಮ್ಮ ಮನೆ ಬೆಂಗಳೂರಿನ ಬಸವನಗುಡಿ ಕಡೆ. ಮೂಟೆಯಿಂದ ತೂಗಿ ಕೊಡೋ ದಿನಸಿ ಅಂಗಡಿಗಳು ಇಲ್ಲಿನ್ನೂ ಉಳಿದಿವೆ. ಹಳೇ ಪಂಚೆಗಳನ್ನ ಹರಿದು ಅರ್ಧ ಕಿಲೋ, ಒಂದು ಕಿಲೋ, ಎರಡು ಕಿಲೋ ಹಿಡಿಯೋ ಚೀಲ ಹೊಲಿದೆ. ಬೇಳೆ, ಅಕ್ಕಿಗೆ ಪಂಚೆ ಬಟ್ಟೆ ಸಾಕು. ಚಿರೋಟಿ ರವೆ, ಕಡ್ಲೆಹಿಟ್ಟು ಅದರಲ್ಲಿ ನಿಲ್ಲಲ್ಲ, ಸೋರುತ್ತೆ. ಅವಕ್ಕೆ ದಿಂಬಿನ ಕವರಿನಂಥ ಒತ್ತು ನೇಯ್ಗೆಯ ಬಟ್ಟೆ ಬೇಕು. ಹೊಲಿಗೆಯ ಅಂಚನ್ನ ಒಳಕ್ಕೆ ಮಡಿಸಿ ಎರಡನೇ ಸಲ ಹೊಲಿಯಬೇಕು, ಇಲ್ಲದಿದ್ರೆ ಸಾಸಿವೆ, ಗಸಗಸೆ ಎಲ್ಲಾ ಸಂದಿಯಲ್ಲಿ ಸೇರಿಕೊಂಡು, ಒಗೆಯೋವಾಗಲೇ ಆಚೆ ಬರೋದು.

ಡಬ್ಬಿ ತಗೊಂಡು ಹೋದ್ರೆ ಅಂಗಡಿಯವರಿಗೆ ತೂಕದ ತಲೆನೋವು. ಅದಕ್ಕೇ ಪ್ರತಿ ಸ್ಟೀಲ್ ಡಬ್ಬಿಯ ತಳದಲ್ಲಿ ಅದರ ಖಾಲಿ ತೂಕವನ್ನ ನೇಲ್ ಪಾಲಿಶಿನಲ್ಲಿ ಬರೆದಿಟ್ಟಿದ್ದೀನಿ. ಮಾರ್ಕರ್ ತೊಳೆದು ತೊಳೆದು ಅಳಿಸಿಹೋಗುತ್ತೆ, ಇದು ತಡಕೊಳ್ಳುತ್ತೆ. ಸಂಜೆ ಗಿರಾಕಿಗಳು ಮುತ್ತಿರೋವಾಗ ಹೋಗಿ ಈ ಲೆಕ್ಕ ಹೇಳಿದ್ರೆ ಬೈಸಿಕೋತೀರಿ; ಮಧ್ಯಾಹ್ನ ಹೋಗಿ. ಗಾಣದ ಎಣ್ಣೆಗೆ ಸ್ಟೀಲ್ ಕ್ಯಾನು. ಅಲ್ಲೊಂದು ವಿಷಯ ಗಮನಿಸಿ: ಒಂದು ಲೀಟರ್ ಎಣ್ಣೆ ಸುಮಾರು 910ರಿಂದ 920 ಗ್ರಾಂ ತೂಗುತ್ತೆ. ಒಂದು ಕಡೆ ಕಿಲೋ ಲೆಕ್ಕ, ಇನ್ನೊಂದು ಕಡೆ ಲೀಟರ್ ಲೆಕ್ಕ ಇದ್ದಾಗ ಬೆಲೆ ಹೋಲಿಸೋಕೆ ಇದು ಗೊತ್ತಿರಬೇಕು.

ಮೂಟೆ ರವೆಗೆ ಹುಳ ಬೇಗ ಬೀಳುತ್ತೆ, ಈ ಮಾತನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಕಡಿಮೆ ತರ್ತೀನಿ, ತಂದ ದಿನವೇ ಹುರಿದಿಡ್ತೀನಿ. ಬೇಳೆಗೆ ಬಿಸಿಲು ತೋರಿಸಿ, ಡಬ್ಬಿಗೆ ನಾಲ್ಕು ಒಣಮೆಣಸಿನಕಾಯಿ. ಸೊಪ್ಪಿನ ಕಟ್ಟು ಬಿಚ್ಚಿ, ಕೊಳೆತ ಎಲೆ ಆರಿಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗೆ ಫ್ರಿಜ್ಜಿನಲ್ಲಿಟ್ರೆ ಕೊತ್ತಂಬರಿ ಪ್ಲಾಸ್ಟಿಕ್ ಕವರಿನಲ್ಲಿರೋದಕ್ಕಿಂತ ಚೆನ್ನಾಗಿರುತ್ತೆ.

ಪಾತ್ರೆ ತೊಳೆಯೋ ಹಸಿರು ಸ್ಕ್ರಬ್ಬರ್ ಸವೆದಷ್ಟೂ ಆ ನೈಲಾನ್ ಪುಡಿ ಸಿಂಕಿನಲ್ಲೇ ಹೋಗುತ್ತೆ. ಅದರ ಬದಲಿಗೆ ತುಪ್ಪದ ಹೀರೆಕಾಯಿ ನಾರು. ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದಾಗ ಬೀಜ ಗಲಗಲ ಅನ್ನಬೇಕು. ನೆನೆಸಿ ಸಿಪ್ಪೆ ಸುಲಿದು, ಬೀಜ ಉದುರಿಸಿ, ತುಂಡು ಮಾಡಿ. ಒಣಗಿದ್ದಾಗ ಗಡುಸು, ನೀರು ಬಿದ್ದ ತಕ್ಷಣ ಮೆತ್ತಗೆ. ಎರಡು ತುಂಡು ಇಟ್ಕೊಂಡು ದಿನ ಬಿಟ್ಟು ದಿನ ಬಿಸಿಲಿಗೆ ಹಾಕ್ತೀನಿ, ಇಲ್ಲಾಂದ್ರೆ ವಾಸನೆ ಬರುತ್ತೆ. ತಳ ಹಿಡಿದ ಪಾತ್ರೆಗೆ ಇದು ಸಾಲದು, ಅದಕ್ಕೆ ತೆಂಗಿನ ನಾರೇ ಆಗಬೇಕು.

ಸೋಪಿಗೆ ಅಂಟುವಾಳ. ಬೀಜ ತೆಗೆದ ಹತ್ತು ಹನ್ನೆರಡು ಕಾಯಿಯನ್ನ ಲೀಟರ್ ನೀರಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಇಪ್ಪತ್ತು ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ, ಬಟ್ಟೆಯಲ್ಲಿ ಸೋಸಬೇಕು. ಕುದಿಯೋವಾಗ ಉಕ್ಕುತ್ತೆ, ದೊಡ್ಡ ಪಾತ್ರೆ ಇಡಿ. ಬೇಗ ಹುಳಿಯುತ್ತೆ, ಹಾಗಾಗಿ ಫ್ರಿಜ್ಜಿನಲ್ಲಿಡಬೇಕು. ಕಣ್ಣಿಗೆ ಬಿದ್ರೆ ಉರಿ ಜೋರು. ನೊರೆ ಕಡಿಮೆ ಅಂತ ನಮ್ಮ ಮನೆಯಲ್ಲಿ ಈಗಲೂ ಗೊಣಗಾಟ ಇದೆ, ಆದ್ರೂ ತಟ್ಟೆ ಲೋಟದ ಕೊಳೆ ಚೆನ್ನಾಗೇ ಹೋಗುತ್ತೆ. ಜಿಡ್ಡಿನ ಬಾಣಲೆಯನ್ನ ಮೊದಲು ಕಡ್ಲೆಹಿಟ್ಟಿನಲ್ಲಿ ಒರೆಸಿಕೋತೀನಿ. ಸಾರಿಗೆ ಹಿಂಡಿದ ಹುಣಸೆಯ ಚರಟ ಹಿತ್ತಾಳೆ ಪಾತ್ರೆಗೆ.

ಹಸಿಕಸದ ಕಥೆ ಚಿಕ್ಕದು. ಹೀರೆಕಾಯಿ ಸಿಪ್ಪೆ ಚಟ್ನಿಗೆ, ಕಲ್ಲಂಗಡಿಯ ಬಿಳಿ ಭಾಗ ದೋಸೆಗೆ, ದಾಳಿಂಬೆ ಸಿಪ್ಪೆ ಒಣಗಿಸಿಟ್ಟು ತಂಬುಳಿಗೆ. ನಮ್ಮಜ್ಜಿ ಕಾಲದವರು ಇದನ್ನೆಲ್ಲ ಪರಿಸರದ ಹೆಸರು ಹೇಳದೇ ಮಾಡ್ತಿದ್ರು. ಉಳಿದದ್ದು ಬಾಲ್ಕನಿಯ ಮಣ್ಣಿನ ಮಡಕೆಗೆ: ಒಂದು ಪದರ ಹಸಿ, ಮೇಲೊಂದು ಪದರ ಒಣ ಎಲೆ ಇಲ್ಲವೇ ತೆಂಗಿನ ನಾರಿನ ಪುಡಿ, ಆಗಾಗ ಸ್ವಲ್ಪ ಹುಳಿ ಮಜ್ಜಿಗೆ. ನಾತ ಬಂದ್ರೆ ಒಣ ಎಲೆ ಸಾಲದು ಅಂತ ಅರ್ಥ. ಬೆಂಗಳೂರಿನ ಕಸ ವರ್ಷಗಟ್ಟಲೆ ಮಂಡೂರು, ಮಾವಳ್ಳಿಪುರದವರ ಮೂಗಿಗೆ ಬಡಿದಿದೆ, ಊರವರು ರಸ್ತೆಗಿಳಿದ ಮೇಲೇ ಅಲ್ಲಿಗೆ ಲಾರಿ ನಿಂತಿದ್ದು. ನನ್ನ ಮಡಕೆ ನಾತ ಬಂದ್ರೆ ನನ್ನ ಬಾಲ್ಕನಿಗೇ ಬರಲಿ ಬಿಡಿ.

ಹಾಲಿನ ಪ್ಯಾಕೆಟ್ಟಿಗೆ ಮಾತ್ರ ದಾರಿ ಸಿಕ್ಕಿಲ್ಲ. ಕತ್ತರಿಸೋವಾಗ ಮೂಲೆಯ ಚೂರು ಪೂರ್ತಿ ಬೇರೆಯಾಗದೆ ಪ್ಯಾಕೆಟ್ಟಿಗೇ ನೇತಾಡೋ ಹಾಗೆ ಕತ್ತರಿ ಹಾಕಿ. ಉದುರಿದ ಅಷ್ಟು ಸಣ್ಣ ಚೂರನ್ನ ಯಾವ ಗುಜರಿಯವರೂ ಆಯಲ್ಲ. ತೊಳೆದ ನೀರು ಗಿಡಕ್ಕೆ, ಪ್ಯಾಕೆಟ್ಟು ಹಗ್ಗಕ್ಕೆ ನೇತುಹಾಕಿ ಒಣಗಿಸಿ ಗುಜರಿಗೆ.

ಚಿಪ್ಸಿನ ಹೊಳೆಯೋ ಹಾಳೆಯನ್ನ ಗುಜರಿಯವರು ಮುಟ್ಟೋದೂ ಇಲ್ಲ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ ಒಂದಕ್ಕೊಂದು ಅಂಟಿರೋದ್ರಿಂದ ಬಿಡಿಸೋಕಾಗಲ್ಲ; ಹೆಚ್ಚಂದ್ರೆ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ ಉರುವಲಾಗುತ್ತೆ. ಅದರ ಬದಲು ಈಗ ಕಾಂಡಿಮೆಂಟ್ಸ್ ಅಂಗಡಿಗೆ ಡಬ್ಬಿ ಹಿಡ್ಕೊಂಡು ಹೋಗ್ತೀವಿ. ನಿಪ್ಪಟ್ಟು, ಕೋಡುಬಳೆ, ಅವಲಕ್ಕಿ ಮಿಕ್ಸ್‌ಚರ್ ಎಲ್ಲಾ ತೂಕಕ್ಕೇ ಸಿಗುತ್ತೆ. ಮಕ್ಕಳು ಒಪ್ಪಿದ್ದು ಕೋಡುಬಳೆ ಡಬ್ಬಿಯಲ್ಲಿ ಮುರಿಯಲ್ಲ ಅನ್ನೋ ಒಂದೇ ಕಾರಣಕ್ಕೆ.