ಬೈಕ್ ಸಾಗಿಸುವಾಗ ಸ್ಟ್ಯಾಂಡನ್ನು ನಂಬಬೇಡಿ

ಮನೆ ಬದಲಿಸುವಾಗ ಬೀರು, ಮಂಚ, ಪಾತ್ರೆಯ ಮೂಟೆಗಳೆಲ್ಲ ಹತ್ತಿದ ಮೇಲೆ ಉಳಿದ ಜಾಗಕ್ಕೆ ಬೈಕನ್ನು ತೂರಿಸುವುದು ನಮ್ಮಲ್ಲಿ ರೂಢಿ. ಸೈಡ್ ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೊಂದು ನೈಲಾನ್ ಹಗ್ಗ ಹಾಯಿಸಿ, ‘ಏನೂ ಆಗಲ್ಲ ಸರ್’ ಅಂದರೆ ಗಾಡಿ ಹೊರಟಂತೆಯೇ. ಬೆಂಗಳೂರಿನಿಂದ ತುಮಕೂರಿಗಾದರೆ ಹಾಗೂ ಹೀಗೂ ತಲುಪೀತು. ಶಿರಾಡಿ ಘಾಟಿ ಇಳಿದು ಮಂಗಳೂರು ಸೇರಬೇಕೆಂದರೆ ಲೆಕ್ಕ ಬೇರೆ. ಬ್ರೇಕ್ ಒತ್ತಿದಾಗಲೆಲ್ಲ ಬೈಕ್ ಮುಂದಕ್ಕೆ ನುಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ, ಹಂಪ್ ಸಿಕ್ಕರೆ ಮೇಲಕ್ಕೆ ನೆಗೆಯುತ್ತದೆ. ಒಂದು ಗೇಣು ಕಬ್ಬಿಣದ ಸ್ಟ್ಯಾಂಡ್ ಇದನ್ನೆಲ್ಲ ತಡೆಯಲಾರದು.

ಮೊದಲು ಟೇಪು ಹಿಡಿದು ಅಳೆಯಿರಿ. ಟಾಟಾ ಏಸ್ ಗೋಲ್ಡ್‌ನ ಸಾಮಾನು ತುಂಬುವ ತೊಟ್ಟಿ 2,200 ಮಿ.ಮೀ. ಉದ್ದ, 1,490 ಮಿ.ಮೀ. ಅಗಲ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ ಉದ್ದವೇ 2,145 ಮಿ.ಮೀ. ಅಂದರೆ ಹಿಂದಿನ ಬಾಗಿಲು ಹಾಕಿದರೆ ಉಳಿಯುವುದು ಮೂರು ಬೆರಳಿನಷ್ಟು ಜಾಗ. ಸ್ಪ್ಲೆಂಡರ್ 2,000 ಮಿ.ಮೀ. ಇರುವುದರಿಂದ ಆರಾಮಾಗಿ ಕೂರುತ್ತದೆ. ಬುಲೆಟ್ಟಿನಂಥ ಉದ್ದದ ಗಾಡಿಗೆ ಬೊಲೆರೊ ಪಿಕಪ್ ಒಳ್ಳೆಯದು, ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ. ಎರಡು ಬೈಕ್ ಇದ್ದರೆ ಒಂದರ ಮುಖ ಹಿಂದಕ್ಕಿರಲಿ. ಎರಡರ ಹ್ಯಾಂಡಲ್‌ಗಳೂ ಅಕ್ಕಪಕ್ಕ ಬಂದರೆ ದಾರಿಯುದ್ದಕ್ಕೂ ಗುದ್ದಾಡುತ್ತವೆ.

ಹತ್ತಿಸುವ ಮುನ್ನ ಕನ್ನಡಿ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಡಿ. ಪೆಟ್ರೋಲ್ ಕಡಿಮೆ ಇರಲಿ. ರೈಲಿನಲ್ಲಿ ಪಾರ್ಸೆಲ್ ಕಳಿಸುವುದಾದರೆ ಟ್ಯಾಂಕ್ ಪೂರ್ತಿ ಖಾಲಿಯೇ ಇರಬೇಕು. ಆರ್‌ಎಕ್ಸ್ 100, ಹಳೆಯ ಬುಲೆಟ್‌ನಂಥ ಕಾರ್ಬುರೇಟರ್ ಗಾಡಿಗಳಿಗೆ ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್, ಅಂದರೆ ಪೆಟ್ರೋಲ್ ಬಿಡುವ ನಲ್ಲಿ ಇರುತ್ತದೆ, ಬೈಕ್ ಮೇಲೇರಿದ ಮೇಲೆ ಅದನ್ನು ಮುಚ್ಚಲೇಬೇಕು. ಇಲ್ಲದಿದ್ದರೆ ಕುಲುಕಾಟಕ್ಕೆ ಕಾರ್ಬುರೇಟರ್ ತುಂಬಿ ಹರಿಯುತ್ತದೆ. ಮುಚ್ಚಿದ ವ್ಯಾನಿನೊಳಗೆ ಆ ಆವಿ ತುಂಬಿದರೆ ಡ್ರೈವರ್‌ನ ಒಂದು ಬೀಡಿ ಸಾಕು.

ನಾಲ್ಕೂ ಕಡೆಯಿಂದ ಫೋಟೊ ತೆಗೆದು, ವಿಮೆ ಪತ್ರವನ್ನೂ ಒಮ್ಮೆ ತೆರೆದು ನೋಡಿ. ಸ್ವಂತ ಹಾನಿಗೂ ರಕ್ಷಣೆ ಕೊಡುವ ಪಾಲಿಸಿಯಾದರೆ ರಸ್ತೆ, ರೈಲಿನಲ್ಲಿ ಸಾಗಿಸುವಾಗ ಆಗುವ ಹಾನಿಯೂ ಅದರಲ್ಲಿ ಸೇರಿರುತ್ತದೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಬರೀ ಥರ್ಡ್ ಪಾರ್ಟಿ ಇದ್ದರೆ ಬಿದ್ದ ಬೈಕು ನಿಮ್ಮದೇ ಖರ್ಚು.

ಹತ್ತಿಸುವುದು

ಹಳ್ಳಿಯಲ್ಲಾದರೆ ಹಲಗೆಯೇ ಬೇಡ. ರಸ್ತೆ ಬದಿಯ ದಿಬ್ಬಕ್ಕೋ ಗದ್ದೆಯ ಏರಿಗೋ ಗಾಡಿಯ ಹಿಂಭಾಗ ಒತ್ತಿ ನಿಲ್ಲಿಸಿದರೆ ತೊಟ್ಟಿಯೂ ನೆಲವೂ ಒಂದೇ ಮಟ್ಟಕ್ಕೆ ಬರುತ್ತವೆ. ಪೇಟೆಯಲ್ಲಿ ಎಂಟಡಿ ಉದ್ದದ ಎರಡು ದಪ್ಪ ಹಲಗೆ ಹೊಂದಿಸಿಕೊಳ್ಳಿ, ಒಂದು ಬೈಕಿಗೆ, ಇನ್ನೊಂದು ನೀವು ನಡೆಯುವುದಕ್ಕೆ. ಹಲಗೆಯ ತುದಿ ಚೈನಿನಲ್ಲಿ ನೇತಾಡುವ ಬಾಗಿಲ ಮೇಲೆ ಕೂರಬಾರದು, ತೊಟ್ಟಿಯ ತಳದ ಮೇಲೇ ಕೂರಬೇಕು. ಅದನ್ನು ಹಗ್ಗದಿಂದ ಗಾಡಿಗೆ ಬಿಗಿಯಿರಿ. ಹಿಂದಿನ ಚಕ್ರ ಹತ್ತುವಾಗ ಹಲಗೆಯನ್ನು ಹಿಂದಕ್ಕೆ ಒದೆಯುತ್ತದೆ. ಅಪಘಾತ ಆಗುವುದು ಹೆಚ್ಚಾಗಿ ಆ ಗಳಿಗೆಯಲ್ಲೇ.

ಬೈಕಿನ ಎಡಕ್ಕೆ ನಿಂತು, ಎಂಜಿನ್ ಶುರು ಮಾಡಿ, ಮೊದಲ ಗೇರಿನಲ್ಲಿ ಅರ್ಧ ಕ್ಲಚ್ ಬಿಡುತ್ತಾ ಪಕ್ಕದಲ್ಲೇ ನಡೆಯಿರಿ. ಹಿಂದೊಬ್ಬರು ಕ್ಯಾರಿಯರ್ ಹಿಡಿದಿರಲಿ, ಆದರೆ ನೇರ ಹಿಂದೆ ನಿಲ್ಲುವುದು ಬೇಡ, ತುಸು ಬದಿಗಿರಲಿ. ಹತ್ತಿ ಕುಳಿತು ಓಡಿಸಿಕೊಂಡು ಹೋಗುವ ಶೋಕಿ ಖಂಡಿತ ಬೇಡ. ಹಲಗೆಯ ಮೇಲೆ ಕಾಲೂರಲು ನೆಲವೇ ಇರುವುದಿಲ್ಲ.

ಕಟ್ಟುವುದು

ಸಮಯ ಕೊಡಬೇಕಾದ್ದು ಇಲ್ಲಿ. ತೆಂಗಿನ ಹಗ್ಗ ಹಿಗ್ಗುತ್ತದೆ, ನೈಲಾನ್ ಗಂಟು ಜಾರುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಹಿಡಿ ಆಡಿಸಿದಂತೆ ಹಲ್ಲು ಹಲ್ಲಾಗಿ ಬಿಗಿಯುವ ರ್‍ಯಾಚೆಟ್ ಬೆಲ್ಟ್ ನಾಲ್ಕು ತನ್ನಿ. ಎಷ್ಟು ಭಾರಕ್ಕೆಂದು ಅದರ ಪಟ್ಟಿಯ ಮೇಲೇ ಬರೆದಿರುತ್ತದೆ. ಕ್ಲಾಸಿಕ್‌ನ ತೂಕ 195 ಕೆ.ಜಿ. ಎಂಬುದು ನೆನಪಿರಲಿ.

ಮುಂದಿನ ಚಕ್ರವನ್ನು ಕ್ಯಾಬಿನ್ನಿನ ಹಿಂದಿನ ಗೋಡೆಗೆ ಒತ್ತಿಡಿ, ನಡುವೆ ಪಂಕ್ಚರ್ ಅಂಗಡಿಯ ಹಳೆಯ ಟೈರೊಂದನ್ನು ತುರುಕಿ. ಹ್ಯಾಂಡಲ್ ನೇರ ಇರಲಿ, ಲಾಕ್ ಮಾಡಬೇಡಿ. ಮುಂದಿನ ಎರಡು ಬೆಲ್ಟನ್ನು ಹ್ಯಾಂಡಲ್ ತುದಿಗೆ ಹಾಕಿದರೆ ಹ್ಯಾಂಡಲ್ ತಿರುಚಿಕೊಳ್ಳುತ್ತದೆ. ಮುಂದಿನ ಚಕ್ರದ ಎರಡು ಬದಿಯ ಸ್ಪ್ರಿಂಗ್ ಕೊಳವೆಗಳನ್ನು, ಅಂದರೆ ಎರಡು ಫೋರ್ಕನ್ನೂ ಹಿಡಿದಿರುವ ಕೆಳಗಿನ ಬ್ರಾಕೆಟ್‌ಗೆ ಹಾಕಿ, ಎಡಕ್ಕೊಂದು ಬಲಕ್ಕೊಂದು, ಮುಂದಕ್ಕೂ ಕೆಳಕ್ಕೂ ಎಳೆಯುವಂತೆ ತೊಟ್ಟಿಯ ಕೊಂಡಿಗೆ ಸಿಕ್ಕಿಸಿ. ಸ್ಟ್ಯಾಂಡ್ ಎತ್ತಿ, ಬೈಕ್ ಎರಡೂ ಚಕ್ರದ ಮೇಲೆ ನೆಟ್ಟಗೆ ನಿಂತಿರುವಾಗ ಎರಡೂ ಕಡೆ ಸರದಿಯಂತೆ ನಾಲ್ಕೈದು ಹಲ್ಲು ಬಿಗಿಯುತ್ತಾ ಹೋಗಿ. ಫೋರ್ಕ್ ಕುಗ್ಗುವುದು ಕಣ್ಣಿಗೇ ಕಾಣುತ್ತದೆ. ಅದರ ಓಡಾಟದ ಅರ್ಧದಷ್ಟು ಕುಗ್ಗಿದರೆ ಸಾಕು. ಆಸೆಬುರುಕರಾಗಿ ಪೂರ್ತಿ ಒತ್ತಿದರೆ ಆಯಿಲ್ ಸೀಲ್ ಹೋಗಿ, ಊರು ತಲುಪುವಷ್ಟರಲ್ಲಿ ಫೋರ್ಕ್ ಎಣ್ಣೆ ಸೋರುತ್ತಿರುತ್ತದೆ. ಕಡಿಮೆ ಬಿಗಿದರೆ ಹಂಪ್‌ನಲ್ಲಿ ಫೋರ್ಕ್ ಕುಗ್ಗಿದಾಗ ಬೆಲ್ಟ್ ಸಡಿಲಾಗಿ ಕೊಂಡಿಯಿಂದ ಕಳಚಿಕೊಳ್ಳುತ್ತದೆ.

ಹಿಂದಿನ ಬೆಲ್ಟುಗಳು ಹಿಂಭಾಗ ಪಕ್ಕಕ್ಕೆ ಜಾರದಂತೆ ಹಿಡಿದರೆ ಸಾಕು, ಅಷ್ಟು ಬಿಗಿ ಬೇಡ. ಚೌಕಟ್ಟಿನ ಗಟ್ಟಿ ಭಾಗಕ್ಕೆ ಹಾಕಿ, ಇಂಡಿಕೇಟರ್‌ಗಾಗಲೀ ಸೀರೆ ಗಾರ್ಡ್‌ಗಾಗಲೀ ಅಲ್ಲ. ಬಣ್ಣಕ್ಕೆ ತಾಗುವಲ್ಲಿ ಹಳೆಯ ಸೈಕಲ್ ಟ್ಯೂಬ್ ಸುತ್ತಿ, ಬಟ್ಟೆಗಿಂತ ಅದು ಜಾರುವುದು ಕಡಿಮೆ. ಗಾಳಿಗೆ ಬೆಲ್ಟ್ ಪಟಪಟ ಬಡಿದು ಸಡಿಲವಾಗದಿರಲು ಅದಕ್ಕೊಂದು ತಿರುಚು ಕೊಡಿ. ಕೊನೆಗೆ ಮೊದಲ ಗೇರ್ ಹಾಕಿ ಬಿಡಿ. ಆಮೇಲೆ ಸೀಟು ಹಿಡಿದು ಜೋರಾಗಿ ಅಲ್ಲಾಡಿಸಿ. ಬೈಕಿನ ಜತೆ ಗಾಡಿಯೂ ಅಲ್ಲಾಡಿದರೆ ಕಟ್ಟಿದ್ದು ಸರಿಯಾಗಿದೆ.

ಹೊರಟು ಹತ್ತು ಕಿಲೋಮೀಟರಿಗೇ ಒಮ್ಮೆ ನಿಲ್ಲಿಸಿ ಬೆಲ್ಟ್ ನೋಡಿ. ಹೊಸ ಬೆಲ್ಟ್ ಆ ಹೊತ್ತಿಗೆ ಸ್ವಲ್ಪ ಸಡಿಲಾಗಿರುತ್ತದೆ. ಸಕಲೇಶಪುರದಲ್ಲಿ ಚಹಾಕ್ಕೆ ಹೇಗೂ ನಿಲ್ಲಿಸುತ್ತೀರಿ, ಘಾಟಿ ಇಳಿಯುವ ಮುನ್ನ ಅಲ್ಲಿ ಇನ್ನೊಮ್ಮೆ ಕೈಯಾಡಿಸಿ. ಡ್ರೈವರ್ ‘ನಾನು ನೋಡಿದೀನಿ’ ಅಂದರೂ ನೀವು ಇಳಿದೇ ನೋಡಿ.

ಇಳಿಸುವುದು

ಹತ್ತಿಸುವುದಕ್ಕಿಂತ ಇಳಿಸುವುದೇ ಕಷ್ಟ. ಸ್ಟ್ಯಾಂಡ್ ಹಾಕಿಕೊಂಡು ಮೊದಲು ಹಿಂದಿನ ಬೆಲ್ಟ್, ಆಮೇಲೆ ಮುಂದಿನದನ್ನು ಬಿಚ್ಚಿ, ಮತ್ತೊಬ್ಬರು ಬೈಕ್ ಹಿಡಿದುಕೊಂಡಿರಲಿ. ಹಿಮ್ಮುಖವಾಗಿ ಇಳಿಯುವಾಗ ಭಾರವೆಲ್ಲ ಹಿಂದಿನ ಚಕ್ರದ ಮೇಲಿರುತ್ತದೆ, ಹಾಗಾಗಿ ಮುಂದಿನ ಬ್ರೇಕ್ ಒತ್ತಿದರೂ ಚಕ್ರ ಜಾರಿಕೊಂಡೇ ಬರುತ್ತದೆ. ಕಾಲು ಬ್ರೇಕ್ ಪಕ್ಕದಲ್ಲಿ ನಡೆಯುವವರಿಗೆ ಎಟುಕುವುದಿಲ್ಲ. ಉಪಾಯ ಕ್ಲಚ್ಚಿನಲ್ಲಿದೆ. ಎಂಜಿನ್ ಆಫ್ ಇರಲಿ, ಗೇರ್ ಮೊದಲನೆಯದರಲ್ಲೇ ಇರಲಿ. ಕ್ಲಚ್ ಒತ್ತಿದರೆ ಬೈಕ್ ಇಳಿಯುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹೀಗೆ ಅಂಗುಲ ಅಂಗುಲವಾಗಿ ನೆಲಕ್ಕೆ ತನ್ನಿ. ಕೆಳಗಿಳಿದ ಮೇಲೆ ಫೋರ್ಕಿನ ಮೇಲೆ ಎಣ್ಣೆಯ ಉಂಗುರ ಮೂಡಿದೆಯೇ ನೋಡಿ, ಕನ್ನಡಿ ಕೂರಿಸಿ, ಕಾಕ್ ತೆರೆದು ಕಿಕ್ ಹೊಡೆಯಿರಿ. ಗೀರು ಬಿದ್ದಿದ್ದರೆ ಡ್ರೈವರ್ ಬಾಡಿಗೆ ಎಣಿಸಿಕೊಳ್ಳುವ ಮೊದಲೇ ಫೋಟೊ ತೋರಿಸಿ ಮಾತು ಮುಗಿಸಿ.